ಗೊರವಪ್ಪನೂ ಕೆಂಚನ ಹಲ್ಲೂ

ಹಗರಿಬೊಮ್ಮನಹಳ್ಳಿಯ ದನದ ದವಾಖಾನೆಯಲ್ಲಿ ನಾನು ಕಾಂಪೌಂಡರ್ ಆಗಿದ್ದ ಕಾಲಕ್ಕೆ ಅಲ್ಲೊಬ್ಬ ಜವಾನನಿದ್ದ, ಮೈಲಪ್ಪ ಅಂತ. ವಾರದಲ್ಲಿ ಆರು ದಿನ ಅವನು ಸರ್ಕಾರಿ ನೌಕರ. ಭಾನುವಾರ ನಾಯಿ. ಇದನ್ನು ಬೈಗುಳವಾಗಿ ಹೇಳುತ್ತಿಲ್ಲ. ಯಾರಾದರೂ ಹಾಗೆ ಬೈದಿದ್ದರೂ ಅವನು ಕೈಮುಗಿದು ಸಂತೋಷಪಡುತ್ತಿದ್ದ.

ಮೈಲಪ್ಪ ಮೈಲಾರಲಿಂಗನ ಗೊರವ. ಕುರಿ ಸಾಕುವ ಮನೆತನ, ಊರು ಚಿಗಟೇರಿ ಕಡೆ. ಅವನ ತಾಯಿ ಪಕ್ಕೀರಮ್ಮನಿಗೆ ಹುಟ್ಟಿದ ಮಕ್ಕಳು ಒಂದೂ ನಿಲ್ಲದೆ ಹೋದಾಗ, ಇದೊಂದು ಉಳಿಸಿಕೊಡು, ನಿನ್ನ ಬಾಗಿಲಿನ ನಾಯಿ ಮಾಡುತ್ತೇನೆ ಎಂದು ಮೈಲಾರಕ್ಕೆ ಹರಕೆ ಹೊತ್ತಳಂತೆ. ಕೂಸು ಉಳಿಯಿತು, ಬೆಳೆದು ಗೊರವನಾಯಿತು. ಭಾನುವಾರ ಬಂತೆಂದರೆ ಮೈಲಪ್ಪ ಕರಿ ಕಂಬಳಿ ಹೊದ್ದು, ಎಂದೂ ಕೊರಳು ಬಿಡದ ಭಂಡಾರದ ಚೀಲವನ್ನು ಮುಂದಕ್ಕೆ ಎಳೆದುಕೊಂಡು, ಡಮರುಗ ಹಿಡಿದು ಭಕ್ತರ ಮನೆಗೆ ಹೊರಡುತ್ತಿದ್ದ. ಅಂಗಳದಲ್ಲಿ ಕಂಬಳಿ ಹಾಸಿ ಅದರ ಮೇಲೆ ಮರದ ದೋಣಿ ಇಡುತ್ತಿದ್ದರು. ಅದರ ತುಂಬ ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪ. ಮೈಲಪ್ಪನೂ ಅವನ ಜೊತೆಯ ಗೊರವರೂ ಮಂಡಿಯೂರಿ ಕೂತು ಬೊಗಳುವರು, ಒಬ್ಬರಿಗೊಬ್ಬರು ಗುರುಗುಟ್ಟುವರು, ಭುಜದಿಂದ ನೂಕಾಡುವರು, ಕೈ ಮುಟ್ಟಿಸದೆ ಬಾಯಿಂದಲೇ ತಿನ್ನುವರು. ದೇವರ ಮುಂದೆ ತಾವು ಅವನ ನಾಯಿಗಳು ಎನ್ನುವ ಭಾವ ಅದು.

ಸೋಮವಾರ ಬೆಳಿಗ್ಗೆ ಹಾಜರಿ ಹಾಕಲು ಬಂದಾಗ ಮೀಸೆಯ ಮೂಲೆಯಲ್ಲಿ ಬಾಳೆಹಣ್ಣು ಒಣಗಿರುತ್ತಿತ್ತು.

"ಮುಖ ತೊಳ್ಕೊಂಡು ಬಾರಲೇ" ಎನ್ನುತ್ತಿದ್ದೆ.

"ಪ್ರಸಾದ ಅದು" ಎನ್ನುತ್ತಿದ್ದ. ಆಮೇಲೆ ಸಾವಕಾಶವಾಗಿ ಅದನ್ನು ನೆಕ್ಕಿಕೊಂಡೇ ಸಹಿ ಮಾಡುತ್ತಿದ್ದ.

ಅವನಿಗೆ ದೀಕ್ಷೆ ಕೊಟ್ಟವನು ಮೈಲಾರದ ಹಿರಿಯ ಗೊರವ ಉಚ್ಚಂಗೆಪ್ಪ. ಕೊರಳಿಗೆ ಚೀಲ ಕಟ್ಟುವಾಗ ಆ ಮುದುಕ ಇವನಿಗೆ ಒಂದು ಕಟ್ಟು ಹಾಕಿದ್ದನಂತೆ: ನಾಯಿಗೆ ಕೈ ಎತ್ತಬಾರದು, ನಾಯಿಯ ರಕ್ತ ಕೆಡವಬಾರದು, ಕೆಡವಿದರೆ ಮತ್ತೆ ದೋಣಿಗೆ ಬಾಯಿ ಹಚ್ಚುವಂತಿಲ್ಲ. ಬೇರೆ ಗೊರವರಿಗೆ ಏನು ಹೇಳಿದ್ದನೋ ನನಗೆ ಗೊತ್ತಿಲ್ಲ. ಇವನಿಗೆ ಹೇಳಿದ್ದು ಇಷ್ಟು, ಇವನು ಹಿಡಿದುಕೊಂಡದ್ದು ಗಟ್ಟಿಯಾಗಿ. ಅಂಥವನನ್ನು ಸರ್ಕಾರ ತಂದು ದನದ ದವಾಖಾನೆಗೆ ಹಾಕಿತ್ತು. ಹೋರಿ ಕೆಡವಲು ಅವನಷ್ಟು ಗಟ್ಟಿ ಆಳು ಸುತ್ತಲಿನಲ್ಲಿ ಇರಲಿಲ್ಲ. ಆದರೆ ಅಪರೂಪಕ್ಕೆ ಯಾರಾದರೂ ನಾಯಿ ಹಿಡಿದುಕೊಂಡು ಬಂದರೆ, ಸೂಜಿ ಚುಚ್ಚುವ ಹೊತ್ತಿಗೆ ಮುಖ ಆಚೆ ತಿರುಗಿಸಿ, "ಚುಚ್ಚೋರು ನೀವು, ನಾನು ಬರೇ ತಬ್ಕೊಂಡೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಡುತ್ತಿದ್ದ. ಮೈಲಾರಲಿಂಗನಿಗೂ ಕೇಳಲಿ ಅಂತ ಇರಬೇಕು.

ನನಗೋ ನಾಯಿ ಕಂಡರೆ ಆಗುವುದಿಲ್ಲ. ಎತ್ತು ಒದ್ದರೆ ಒದ್ದ ಜಾಗ ಗೊತ್ತಾಗುತ್ತದೆ, ಮುಗಿಯಿತು. ನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿಸಿಕೊಳ್ಳಬೇಕಾದ ಕಾಲ ಅದು. ಹೀಗಾಗಿ ನಾಯಿ ಬಂದಾಗಲೆಲ್ಲ ನಾನು ಔಷಧಿ ಕೋಣೆಯ ಬಾಗಿಲ ಹಿಂದೆ ನಿಂತು ಕೆಲಸ ಮಾಡುತ್ತಿದ್ದೆ. ಇದರಲ್ಲಿ ನಾಚಿಕೆ ಪಡುವಂಥದ್ದು ನನಗೇನೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಎಂಬತ್ತೊಂದನೆಯ ಇಸವಿಯಲ್ಲಿ ನಮಗೆ ಹೊಸ ಡಾಕ್ಟರು ಬಂದರು. ಓಬಳೇಶ ಅಂತ, ಕೂಡ್ಲಿಗಿಯವರು, ಅವರ ಓಣಿಯಲ್ಲಿ ಡಾಕ್ಟರಿಕೆ ಓದಿದ ಮೊದಲಿಗರು. ತುಂಬ ಹುರುಪಿನ ಮನುಷ್ಯ. ಕಾಲೇಜಿನಲ್ಲಿ ನಾಯಿಯ ಹಲ್ಲಿನ ಬಗ್ಗೆ ಆಸಕ್ತಿಯಿಂದ ಓದಿದ್ದರಂತೆ. ಇಲ್ಲಿ ಬಂದು ನೋಡಿದರೆ ದಿನ ಬೆಳಗಾದರೆ ಎಮ್ಮೆಯ ಹೊಟ್ಟೆ, ಕುರಿಯ ಜಂತು, ಎತ್ತಿನ ಕಾಲು. "ಓದಿದ್ದೆಲ್ಲ ಎಮ್ಮಿ ಕರು ಹಾಕ್ಸಾದ್ರಾಗ ಮರ್ತು ಹೋತ್ರಿ ಗಾದಿಲಿಂಗಪ್ನೋರ" ಎಂದು ನನ್ನ ಹತ್ತಿರ ಕೊರಗುತ್ತಿದ್ದರು. ಮರೆಯಬಾರದು ಎಂದು ಓದುವ ಕಾಲದ ಒಂದು ನಾಯಿಯ ತಲೆಬುರುಡೆಯನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು.

ಬುರುಡೆ ಕಂಡ ದಿನ ಮೈಲಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ.

"ಯಾರ್ರೀ ಸಾಹೇಬ್ರ ಇವರು?"

"ನಾಯಿ."

"ನಾಯಿ ಅಂತ ಗೊತ್ತಾತ್ರಿ. ಯಾ ಊರವರು?"

ಡಾಕ್ಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಗೊತ್ತಿಲ್ಲ ಎಂದರು. ಮರುದಿನದಿಂದ ಬುರುಡೆಯ ಹಣೆಗೆ ಭಂಡಾರ ಬಿತ್ತು. ಭಂಡಾರ ಅಂದರೆ ಅರಿಶಿನದ ಪುಡಿ, ಆದರೆ ಮೈಲಾರದಿಂದ ಬಂದದ್ದು, ಅವನ ಚೀಲದ್ದು. ಡಾಕ್ಟರು ಒರೆಸುವರು, ಇವನು ಹಚ್ಚುವನು. ಬಿಡುವಿದ್ದಾಗ ಅವರು ಅದೇ ಬುರುಡೆ ಹಿಡಿದು ನಮಗೆ ಪಾಠ ಮಾಡುತ್ತಿದ್ದರು. ನಾನು ದನದ ಬಾಯಿ ನೋಡಿ ಬೆಳೆದವನು. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ವಯಸ್ಸು ಹೇಳುವುದಷ್ಟೇ ಬರುತ್ತಿತ್ತು. ದನಕ್ಕೆ ಮೇಲಿನ ಮುಂದಿನ ಹಲ್ಲೇ ಇಲ್ಲ. ನಾಯಿಗೆ ಮೇಲೆ ಇಪ್ಪತ್ತು, ಕೆಳಗೆ ಇಪ್ಪತ್ತೆರಡು, ಒಟ್ಟು ನಲವತ್ತೆರಡು ಎಂದಾಗ ಮೈಲಪ್ಪ ನಾಲಿಗೆಯಿಂದ ತನ್ನ ಹಲ್ಲು ಎಣಿಸಿಕೊಂಡು ಮುಖ ಸಣ್ಣ ಮಾಡಿದ.

"ನಮಗ ಹತ್ತು ಕಡಿಮಿ ಕೊಟ್ಟಾನ ನೋಡಲೇ" ಎಂದು ನನಗೆ ಹೇಳಿದ. ಎರಡು ದಿನ ಅದೇ ಚಿಂತೆಯಲ್ಲಿ ಇದ್ದ.

ಮುಂದಿನ ಸಣ್ಣ ಹಲ್ಲು ಕೂದಲು ಹೆಕ್ಕಲು, ಕೋರೆಹಲ್ಲು ಹಿಡಿಯಲು, ಅವುಗಳ ಹಿಂದಿನವು ಕತ್ತರಿಸಲು. ಆ ಹಿಂದಿನವುಗಳಲ್ಲಿ ಮೇಲೆ ಎಡಕ್ಕೊಂದು ಬಲಕ್ಕೊಂದು ಭಾರಿ ಹಲ್ಲು ಇರುತ್ತವೆ. ಕೆಳಗಿನ ಅಷ್ಟೇ ದೊಡ್ಡ ಹಲ್ಲಿನ ಮೇಲೆ ಅದು ಕತ್ತರಿಯಂತೆ ಸರಿಯುತ್ತದೆ. ಎಲುಬು ಸಿಕ್ಕರೆ ನಾಯಿ ತಲೆ ವಾರೆ ಮಾಡಿ ಕಡಿಯುವುದು ಇದೇ ಹಲ್ಲಿನಿಂದ. ಇದನ್ನು ಕೇಳಿದ ಭಾನುವಾರ ಮೈಲಪ್ಪ ದೋಣಿಯಲ್ಲೂ ತಲೆ ವಾರೆ ಮಾಡಿ ತಿಂದನಂತೆ. ಬಾಳೆಹಣ್ಣಿಗೆ ಅಷ್ಟೆಲ್ಲ ಯಾಕೆ ಬೇಕಿತ್ತೋ.

ಆ ವರ್ಷವೇ ತಂಬ್ರಹಳ್ಳಿ ಕಡೆಯಿಂದ ಗಾದೆಮ್ಮ ತನ್ನ ನಾಯಿಯನ್ನು ಕರೆದುಕೊಂಡು ಬಂದಳು. ಗಂಡ ತೀರಿಹೋದ ಮೇಲೆ ಮೈದುನ ಬೊಮ್ಮಪ್ಪನ ಜೊತೆ ಕುರಿ ಕಾಯುತ್ತಿದ್ದ ಹೆಂಗಸು. ನಾಯಿಯ ಹೆಸರು ಕೆಂಚ. ಕೆಂದು ಬಣ್ಣ, ಎದೆ ಅಗಲ, ಕೊರಳಿಗೆ ಮುಳ್ಳಿನ ಪಟ್ಟಿ. ಬಲಗಣ್ಣಿನ ಕೆಳಗೆ ಊದಿಕೊಂಡು, ಒಡೆದು, ಕೀವು ಸುರಿಯುತ್ತಿತ್ತು. ನಾನು ಬಾಗಿಲ ಹಿಂದೆ ಸರಿದೆ. ಮೈಲಪ್ಪ ಹೋಗಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಯಾರನ್ನೂ ಹತ್ತಿರ ಬಿಡದ ಕೆಂಚ ಅವನ ಮೊಣಕಾಲಿಗೆ ಗದ್ದ ಇಟ್ಟಿತು.

ಡಾಕ್ಟರು ಅವತ್ತು ಕ್ಯಾಂಪಿಗೆ ಹೋಗಿದ್ದರು. ಮೈಲಪ್ಪ ಚೀಲ ಬಿಚ್ಚಿ, ಏಳುಕೋಟಿ ಏಳುಕೋಟಿ ಎಂದು ಮೈಲಾರನನ್ನು ನೆನೆದು, ಆ ತೂತಿನ ತುಂಬ ಭಂಡಾರ ಒತ್ತಿದ.

"ಮಾಯ್ತೈತೇನಪ್ಪ ಗೊರವಪ್ಪ?" ಎಂದು ಗಾದೆಮ್ಮ ಕೇಳಿದಳು.

"ನಾ ಹಚ್ಚೀನಿ, ಮಾಯಿಸೋನು ಅವನು. ಮಾಯ್ತೈತಿ ಹೋಗು."

ಮಾಯಿತು. ವಾರದೊಳಗೆ ತೂತು ಮುಚ್ಚಿ ಹಕ್ಕಳೆ ಕಟ್ಟಿತು. ಗಾದೆಮ್ಮ ಸಂತೋಷದಿಂದ ಹಟ್ಟಿಯಲ್ಲಿ ದೋಣಿ ತುಂಬಿಸಿ ಮೈಲಪ್ಪನನ್ನು ಕರೆಸಿ ಸೇವೆ ಮಾಡಿಸಿದಳು. ತಿಂಗಳು ಕಳೆಯಿತೋ ಇಲ್ಲವೋ, ಅದೇ ಜಾಗ ಊದಿ ಮತ್ತೆ ಒಡೆಯಿತು. ಈ ಸಲ ಡಾಕ್ಟರು ಇದ್ದರು. ಕಣ್ಣಿನ ಕೆಳಗಿನ ಗಾಯ ಎಂದು ತೊಳೆದು, ಬಿಳಿ ಮುಲಾಮು ಹಚ್ಚಿ, ಸೂಜಿ ಕೊಟ್ಟರು. ಅದೂ ಮಾಯಿತು, ಅದೂ ಒಡೆಯಿತು. ಹಳದಿ ಪುಡಿಗೂ ಬಿಳಿ ಮುಲಾಮಿಗೂ ಒಂದೇ ಗತಿಯಾಯಿತು. ಇಷ್ಟಾದರೂ ಗಾದೆಮ್ಮ ಮೈಲಪ್ಪನ ಮೇಲಿನ ನಂಬಿಕೆ ಬಿಡಲಿಲ್ಲ. ತನ್ನ ಸೇವೆಯಲ್ಲೇ ಏನೋ ಕೊರತೆಯಾಗಿದೆ, ತುಪ್ಪ ಕಮ್ಮಿ ಬಿದ್ದಿರಬೇಕು ಎಂದುಕೊಂಡು ಮತ್ತೆ ದೋಣಿ ತುಂಬಿಸಿದಳು. ಮೈಲಪ್ಪ ಮತ್ತೆ ಹೋಗಿ ತಿಂದು ಮತ್ತೆ ಭಂಡಾರ ಒತ್ತಿ ಬಂದ. ನನಗೆ ಸಿಟ್ಟು ಬರುತ್ತಿತ್ತು. ನಾಯಿ ಬಡವಾಗುತ್ತಿದೆ, ಇವನು ದಪ್ಪಗಾಗುತ್ತಿದ್ದಾನೆ ಎಂದು ಮುಖದ ಮೇಲೆ ಅಂದೂಬಿಟ್ಟೆ.

ಮೂರನೆಯ ಸಲ ಗಾದೆಮ್ಮ ಬಂದಾಗ ಕೆಂಚನ ಪಕ್ಕೆಲುಬು ಎಣಿಸಬಹುದಿತ್ತು. ಬಲಗಣ್ಣು ಅರ್ಧ ಮುಚ್ಚಿತ್ತು.

"ರೊಟ್ಟಿ ಹಾಕಿದ್ರ ಬಾಯಾಗಿಂದ ಬೀಳಸ್ತಾನ್ರಿ" ಎಂದಳು. "ಬೊಗಳಾದೂ ಬಿಟ್ಟಾನ. ತ್ವಾಳ ಹಟ್ಟಿಗೆ ಬಂದು ಮರಿ ಒಯ್ತು, ಇವ ಮಕ್ಕೊಂಡಿದ್ದ. ಬೊಮ್ಮಪ್ಪ ಇದನ್ನ ಎಲ್ಯಾರ ದೂರ ಬಿಟ್ಟು ಬರ್ತೀನಿ ಅಂತಾನ. ಬರೋ ಐತಾರ ಒಯ್ತಾನಂತ."

ಅವಳು ಅಳಲಿಲ್ಲ. ಆದರೆ ಕೆಂಚನನ್ನು ಮರಿಯಿದ್ದಾಗ ಕುರಿಯ ಹಾಲು ಕುಡಿಸಿ ಸಾಕಿದವಳು ಅವಳು ಎಂಬುದು ನಮಗೆ ಗೊತ್ತಿತ್ತು. ಬೇರೆ ಮರಿ ತಂದು ಅದು ತೋಳಕ್ಕೆ ಎದುರು ನಿಲ್ಲುವ ನಾಯಿಯಾಗಲು ಎರಡು ವರ್ಷ ಬೇಕು. ಅಷ್ಟರಲ್ಲಿ ಹಟ್ಟಿಯಲ್ಲಿ ಕುರಿ ಉಳಿಯುತ್ತವೋ ಇಲ್ಲವೋ.

ರೊಟ್ಟಿ ಬೀಳಿಸುತ್ತದೆ ಎಂಬ ಮಾತು ಡಾಕ್ಟರ ಕಿವಿಯಲ್ಲಿ ನಿಂತಿತು. ಬಲಗಡೆಯಿಂದ ಬೀಳಿಸುತ್ತದೋ ಎಡಗಡೆಯಿಂದಲೋ ಎಂದು ಕೇಳಿದರು. ಬಲಗಡೆಯಿಂದ ಎಂದಳು. ಅವರು ಸರಕ್ಕನೆ ಮೇಜಿನ ಹತ್ತಿರ ಹೋಗಿ ಬುರುಡೆ ಎತ್ತಿಕೊಂಡರು. ಒಣಗಿದ ಬುರುಡೆಯಲ್ಲಿ ಹಲ್ಲು ಸಡಿಲಾಗಿರುತ್ತವೆ. ಬಲಗಡೆಯ ಆ ಭಾರಿ ಹಲ್ಲನ್ನು ಅಲ್ಲಾಡಿಸಿ ಹೊರಗೆ ತೆಗೆದರು. ಅದಕ್ಕೆ ಮೂರು ಬೇರು. ಬುರುಡೆಯಲ್ಲಿ ಮೂರು ಕುಣಿ. ಕಸಬರಿಗೆಯ ಕಡ್ಡಿ ಮುರಿದು ಹಿಂದಿನ ಕುಣಿಗೆ ತೂರಿಸಿ ನಮಗೆ ತೋರಿಸಿದರು. ಕಡ್ಡಿಯ ತುದಿ ನೆಟ್ಟಗೆ ಕಣ್ಣಿನ ಗುಳಿಯ ಕೆಳಗೆ ಹೋಗಿ ನಿಂತಿತ್ತು. ಅಲ್ಲಿ ಎಲುಬು ಹಾಳೆಯಷ್ಟು ತೆಳು.

"ಇದು ಕಣ್ಣಿನ ರೋಗ ಅಲ್ರಿ" ಎಂದರು. "ಹಲ್ಲು ಒಡದೈತಿ. ಬೇರಿನಾಗ ಕೀವು ಆಗಿ, ಹೋಗಾಕ ಬ್ಯಾರೆ ದಾರಿ ಇಲ್ದ ಕಣ್ಣಿನ ಕೆಳಗ ಒಡಿತೈತಿ. ನಾವು ಮ್ಯಾಲಿಂದ ಮುಚ್ಚಾಕತ್ತೀವಿ."

ಮೈಲಪ್ಪ ಆ ಕಡ್ಡಿಯನ್ನೇ ನೋಡುತ್ತಾ ನಿಂತಿದ್ದ.

"ಹಂಗಾರ ಭಂಡಾರ ಸುಳ್ಳಾತೇನ್ರಿ ಸಾಹೇಬ್ರ?"

"ಭಂಡಾರ ತನ್ನ ಕೆಲಸ ಮಾಡೈತಿ ಮೈಲಪ್ಪಣ್ಣ. ಮುಚ್ಚು ಅಂದಿ, ಮುಚ್ಚೈತಿ. ನನ್ನ ಮುಲಾಮೂ ಅಷ್ಟ. ಕಳ್ಳ ಒಳಗ ಇದ್ದ, ನಾವಿಬ್ರೂ ಬಾಗಿಲಾ ಹಾಕಿದ್ವಿ."

ಆಮೇಲೆ ಕೆಂಚನ ಬಾಯಿ ಬಿಡಿಸಬೇಕಾಯಿತು. ಬಿಡಿಸಿದವನು ಮೈಲಪ್ಪನೇ, ನಾನು ಬಾಗಿಲ ಸಂದಿಯಿಂದ ನೋಡಿದೆ. ಡಾಕ್ಟರು ಹೇಳಿದಂತೆಯೇ ಆ ಹಲ್ಲಿನ ಹೊರಮೈ ಸೀಳಿಹೋಗಿ ಒಳಗೆ ಕರ್ರಗಾಗಿತ್ತು. ಹಬ್ಬಕ್ಕೆ ಟಗರಿನ ಕಾಲೆಲುಬು ಹಾಕಿದ್ದೆ ಎಂದು ಗಾದೆಮ್ಮ ನೆನಪಿಸಿಕೊಂಡಳು. ಅದನ್ನು ಕೀಳಬೇಕು ಎಂದರು ಡಾಕ್ಟರು. ಮೂರು ಬೇರು ಮೂರು ದಿಕ್ಕಿಗೆ ಹಿಡಿದಿರುವುದರಿಂದ ಇಡಿಯಾಗಿ ಕಿತ್ತರೆ ದವಡೆ ಮುರಿಯುತ್ತದೆ. ಹಲ್ಲನ್ನು ಮೊದಲು ಮೂರು ತುಂಡು ಕೊಯ್ದು ಒಂದೊಂದಾಗಿ ತೆಗೆಯಬೇಕು. ಕೊಯ್ಯಲು ನಮ್ಮಲ್ಲಿ ಏನಿತ್ತು? ಎತ್ತಿನ ದವಡೆಗೆ ಹಾಕುವ ಅರ ಇತ್ತು, ಅದು ಕೆಂಚನ ತಲೆಗಿಂತ ಉದ್ದ. ಕಡೆಗೆ ನಾನು ಅಕ್ಕಸಾಲಿ ಪಾಲಾಕ್ಷಪ್ಪನ ಅಂಗಡಿಗೆ ಹೋಗಿ ಬಂಗಾರ ಕೊಯ್ಯುವ ಸಣ್ಣ ಗರಗಸ ಕೇಳಿದೆ.

"ಯಾರ ಹಲ್ಲಿಗ್ರಿ?" ಎಂದ.

"ಮೈಲಪ್ಪನ ಪೈಕಿ ಒಬ್ರಿಗೆ" ಎಂದೆ. ಕೊಟ್ಟ.

ತಿರುಗಿ ಬಂದಾಗ ದವಾಖಾನೆಯ ಗಾಳಿ ಬೇರೆಯಾಗಿತ್ತು. ಮೈಲಪ್ಪ ಬೇವಿನ ಗಿಡದ ಕೆಳಗೆ ಕೂತಿದ್ದ. ನಾನಿಲ್ಲದಾಗ ಅವನು ಡಾಕ್ಟರನ್ನು ಒಂದೇ ಮಾತು ಕೇಳಿದ್ದನಂತೆ, ರಕ್ತ ಬರುತ್ತದೆಯೇ ಎಂದು. ಬರುತ್ತದೆ, ಸಾಕಷ್ಟು ಬರುತ್ತದೆ ಎಂದು ಅವರು ಇದ್ದದ್ದನ್ನು ಹೇಳಿದ್ದರು. ಪೂರ್ತಿ ಎಚ್ಚರ ತಪ್ಪಿಸಿಬಿಡಿ, ನಾನು ಹಿಡಿಯುವುದೇ ಬೇಡವಾಗುತ್ತದೆ ಎಂದು ಇವನು ಕೇಳಿಕೊಂಡಿದ್ದ. ನಾಯಿ ಸೋತಿದೆ, ಅಷ್ಟು ಮದ್ದು ಕೊಟ್ಟರೆ ಏಳುವುದಿಲ್ಲ, ಮಂಪರು ಮಾತ್ರ ಬರಿಸುತ್ತೇನೆ, ಬಾಯಿ ಒಬ್ಬರು ಹಿಡಿಯಲೇಬೇಕು ಎಂದಿದ್ದರು ಅವರು.

"ಏಳೋ, ಹೊತ್ತಾಗತೈತಿ" ಎಂದೆ.

"ಸೂಜಿ ಬ್ಯಾರೆಲೇ. ಇದು ಬಾಯಾಗಿನ ಹಲ್ಲು ಕೀಳಾದು. ನಾಯಿಗೆ ಹಲ್ಲಂದ್ರ ಏನು ಗೊತ್ತೈತೇನು ನಿನಗ? ನನ್ನ ಕೈಯಾಗ ಅದರ ರಕ್ತ ಬಿದ್ರ ನಾ ಮತ್ತ ದೋಣಿ ಮುಂದ ಹ್ಯಾಂಗ ಕುಂದ್ರಲಿ? ನಮ್ಮವ್ವ ಹರಕಿ ಹೊತ್ತು ಉಳಿಸಿಕೊಂಡ ಜೀವ ಇದು. ದೋಣಿ ಹೋದ್ರ ನಾ ಯಾರು ಹೇಳು."

ನನ್ನ ಬಾಯಿಗೆ ಬಂದದ್ದು ಬೈಗುಳ. ಆದರೆ ಅವನ ಮುಖ ನೋಡಿ ಆಡಲಿಲ್ಲ. ಅಷ್ಟು ವರ್ಷ ಅವನನ್ನು ಚೇಷ್ಟೆ ಮಾಡಿದ್ದೆ. ಅವನಿಗೆ ಅದು ಭಾನುವಾರದ ವೇಷವಲ್ಲ, ಅವನ ಹುಟ್ಟಿನ ಕಾರಣವೇ ಅದು ಎಂದು ನನಗೆ ಅವತ್ತು ನಾಟಿತು.

ಗಾದೆಮ್ಮ ಕೆಂಚನ ಹಗ್ಗ ಹಿಡಿದುಕೊಂಡೇ ಗಿಡದ ಹತ್ತಿರ ಬಂದಳು.

"ಗೊರವಪ್ಪ, ನಾ ನಿನಗ ಬಲವಂತ ಮಾಡಂಗಿಲ್ಲ. ನಿನ್ನ ಕಟ್ಟು ನಿನಗ. ಐತಾರಕ್ಕ ಬೊಮ್ಮಪ್ಪ ಒಯ್ತಾನ, ಒಯ್ಲಿ" ಎಂದಳು. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಕೆಂಚ ಕಾಲು ಸೋತು ಮೈಲಪ್ಪನ ಪಾದದ ಮೇಲೆಯೇ ಬಿದ್ದುಕೊಂಡಿತು. ಕೀವು ಅವನ ಕಾಲಿಗೆ ಸೋರಿತು.

ಅವನು ನಾಯಿಯ ಬೆನ್ನ ಮೇಲೆ ಕೈಯಿಟ್ಟ. ಆಮೇಲೆ ಕೊರಳಿನಿಂದ ಭಂಡಾರದ ಚೀಲ ತೆಗೆದ. ನಾನು ಅವನನ್ನು ನೋಡಿದಾಗಿನಿಂದ ಅದು ಅವನ ಕೊರಳು ಬಿಟ್ಟದ್ದನ್ನು ಕಂಡಿರಲಿಲ್ಲ. ಚೀಲ ಇದ್ದ ಜಾಗದಲ್ಲಿ ಎದೆಯ ಚರ್ಮ ಬೆಳ್ಳಗಿತ್ತು.

"ಇದನ್ನ ಹಿಡಿಲೇ ಗಾದಿಲಿಂಗ" ಎಂದ. "ಬರ್ರಿ ಸಾಹೇಬ್ರ."

ಕೆಂಚನಿಗೆ ಮಂಪರಿನ ಸೂಜಿ ಹಾಕಿ, ದವಡೆಗೆ ನೋವು ಸತ್ತುಹೋಗುವ ಸೂಜಿ ಹಾಕಿ, ಮೇಜಿನ ಮೇಲೆ ಮಲಗಿಸಿದರು. ಮೈಲಪ್ಪ ಎರಡು ಕೈಯಿಂದ ಬಾಯಿ ಹಿಡಿದು, ಹೆಬ್ಬೆರಳಿನಿಂದ ತುಟಿ ಎತ್ತಿದ. ಗರಗಸ ಕಿರ್ ಕಿರ್ ಎನ್ನುತ್ತಿದ್ದಂತೆ ನನ್ನ ಹಲ್ಲೆಲ್ಲ ಜುಮ್ಮೆಂದವು. ಮೊದಲ ತುಂಡು ಬಂತು, ರಕ್ತ ಬಂತು. ಎರಡನೆಯದೂ ಬಂತು. ಈ ಸಲ ಮೈಲಪ್ಪ ಮುಖ ತಿರುಗಿಸಲಿಲ್ಲ. ನಾನು ಬರೇ ತಬ್ಕೊಂಡೀನಿ ಎಂದೂ ಅನ್ನಲಿಲ್ಲ. ರಕ್ತ ಅವನ ಮುಂಗೈ ಇಳಿದು ಖಾಕಿ ಅಂಗಿಯ ತೋಳಿಗೆ ಹತ್ತಿತು. ಹಿಂದಿನ ಬೇರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಡಾಕ್ಟರು ಬೆವರಿ ಹೋದರು. ಅಷ್ಟರಲ್ಲಿ ಕೆಂಚನಿಗೆ ಮಂಪರು ಇಳಿಯತೊಡಗಿ ಕಣ್ಣು ತೆರೆದು ನರಳಿತು. ತೆರೆದ ಕಣ್ಣಿಗೆ ಎದುರು ಕಂಡದ್ದು ಮೈಲಪ್ಪನ ಮುಖ. ಅವನ ಕೈ ಅದರ ಬಾಯೊಳಗೇ ಇತ್ತು. ಕಚ್ಚಲಿಲ್ಲ, ನೋಡಿತು ಅಷ್ಟೆ. ಆ ನೋಟಕ್ಕೆ ಅವನು ಒಳಗೇ ಮುರಿದುಹೋದ. ಬೇರು ಕಿತ್ತು ಬಂತು, ಅದರ ಹಿಂದೆ ಕೀವಿನ ಗಂಟೂ ಬಂತು.

ಮುಂದಿನದನ್ನು ಗಾಯವೇ ಮಾಡಿಕೊಂಡಿತು. ಕಣ್ಣಿನ ಕೆಳಗಿನ ತೂತಿಗೆ ಯಾರೂ ಪುಡಿ ಹಾಕಲಿಲ್ಲ, ಮುಲಾಮು ಹಚ್ಚಲಿಲ್ಲ. ಒಳಗಿನಿಂದಲೇ ಮಾಯುತ್ತಾ ಬಂದು ಮುಚ್ಚಿತು, ಮತ್ತೆ ಒಡೆಯಲಿಲ್ಲ. ಬೊಮ್ಮಪ್ಪ ಭಾನುವಾರ ನಾಯಿ ಒಯ್ಯುವುದನ್ನು ಮುಂದಕ್ಕೆ ಹಾಕಿದ. ಆಮೇಲೆ ಕೆಂಚ ರೊಟ್ಟಿ ತಿಂದು, ಮೈ ಕೂಡಿಕೊಂಡು, ಬೊಗಳಿ ಬೊಗಳಿ ಅವನಿಗೇ ಬೇಸರ ಬರಿಸಿದಾಗ ಆ ಮಾತನ್ನೇ ಬಿಟ್ಟ. ಡಾಕ್ಟರ ಸಂಭ್ರಮ ಹೇಳತೀರದು. ಆ ಮೂರು ತುಂಡನ್ನು ಬಾಟಲಿಯಲ್ಲಿ ಹಾಕಿ ಬುರುಡೆಯ ಪಕ್ಕ ಇಟ್ಟರು, ಬಂದ ಎಮ್ಮೆಯವರಿಗೂ ತೋರಿಸಿದರು.

ಮೈಲಪ್ಪ ಮಾತ್ರ ಚೀಲ ತಿರುಗಿ ತೆಗೆದುಕೊಳ್ಳಲಿಲ್ಲ. ನಾನು ಅದನ್ನು ಔಷಧಿ ಕೋಣೆಯಲ್ಲಿ ಮೊಳೆಗೆ ತೂಗುಹಾಕಿದ್ದೆ. ಭಾನುವಾರ ಜನ ಕರೆಯಲು ಬಂದರೆ ಮೈಗೆ ಹುಷಾರಿಲ್ಲ ಎಂದು ಕಳಿಸುತ್ತಿದ್ದ. ಸೋಮವಾರ ಮೀಸೆ ಸ್ವಚ್ಛವಾಗಿರುತ್ತಿತ್ತು. ಆ ಸ್ವಚ್ಛ ಮೀಸೆ ನೋಡಲು ನನಗೆ ಆಗುತ್ತಿರಲಿಲ್ಲ. ಗಾದೆಮ್ಮ ಕೆಂಚನನ್ನು ತೋರಿಸಲು ಕರೆದುಕೊಂಡು ಬಂದ ದಿನ ಅವನು ಹಿಂದಿನ ಬಾಗಿಲಿನಿಂದ ಹೊರಟೇಹೋದ.

"ಯಾಕಲೇ ಓಡಿ ಹೋದಿ?"

"ನನ್ನ ನೋಡಿ ಅದು ಬಾಲ ಮುದುರಿದ್ರ ನಾ ಬದುಕಂಗಿಲ್ಲ" ಎಂದ.

ಇವನ ಗೋಳು ಸಾಕಾಗಿ, ಒಂದು ರಜೆಯ ದಿನ ಎಳೆದುಕೊಂಡು ಬಸ್ಸು ಹತ್ತಿಸಿದೆ. ಹಡಗಲಿಯಲ್ಲಿ ಇಳಿದು ಮೈಲಾರದ ಬಸ್ಸು ಹಿಡಿದೆವು. ಹಿರಿಯ ಗೊರವ ಉಚ್ಚಂಗೆಪ್ಪ ಮನೆ ಮುಂದೆ ಬಿಸಿಲಿಗೆ ಕೂತು ಕಂಬಳಿಯ ಹರುಕು ಹೊಲಿಯುತ್ತಿದ್ದ. ಮೈಲಪ್ಪ ಅವನ ಕಾಲಿಗೆ ಬಿದ್ದು ಎಲ್ಲವನ್ನೂ ಹೇಳಿದ. ತಾನೇ ಬಾಯಿ ಹಿಡಿದದ್ದು, ರಕ್ತ ಮೊಣಕೈಗೆ ಇಳಿದದ್ದು, ಎಚ್ಚರವಿದ್ದು ನಾಯಿ ತನ್ನನ್ನು ನೋಡಿದ್ದು, ಒಂದನ್ನೂ ಬಿಡಲಿಲ್ಲ. ನಾನು ನಡುವೆ ಬಾಯಿ ಹಾಕಿ, ನಾಯಿ ಉಳಿಯಿತಲ್ಲ ಎಂದೆ.

"ನೀ ಸುಮ್ನಿರಪ್ಪ" ಎಂದ ಮುದುಕ. ಸೂಜಿಗೆ ದಾರ ಪೋಣಿಸಿಕೊಂಡು ಮೈಲಪ್ಪನ ಕಡೆ ತಿರುಗಿದ. "ಕಟ್ಟು ಹಾಕಿದಾವ ನಾನು. ಆದ್ರ ತಪ್ಪಾತೋ ಇಲ್ಲೋ ಅಂತ ಹೇಳಾವ ನಾನಲ್ಲ. ರಕ್ತ ಬಿದ್ದಿದ್ದು ಯಾರದು?"

"ಕೆಂಚಂದು."

"ಹಂಗಾರ ಅದನ್ನ ಕೇಳು. ಒಂದ ದೋಣ್ಯಾಗ ಅದರ ಕೂಡ ಬಾಯಿ ಹಚ್ಚು. ನೋವು ಮಾಡಿದ ಮನಿಷ್ಯಾ ಅಂತ ತಿಳದಿದ್ರ ಬಾಲ ಮುದುರಿ ಹಿಂದಕ್ಕ ಸರಿತೈತಿ. ಅವಾಗ ನೀ ಚೀಲ ತಂದು ನನಗ ಕೊಡು. ತನ್ನ ಪೈಕಿ ಅಂತ ತಿಳದಿದ್ರ, ನಾಯಿ ನಾಯಿಗೆ ಏನ ಮಾಡ್ತೈತೋ ಅದನ್ನ ಮಾಡ್ತೈತಿ."

ಮುಂದಿನ ಭಾನುವಾರ ಬೆಳಿಗ್ಗೆ ಗಾದೆಮ್ಮನ ಹಟ್ಟಿಗೆ ಹೋದೆವು. ಚೀಲ ನನ್ನ ಕೈಯಲ್ಲಿತ್ತು. ಡಾಕ್ಟರೂ ಸೈಕಲ್ ಹೊಡೆದುಕೊಂಡು ಬಂದಿದ್ದರು. ಕುರಿಗಳು ಇನ್ನೂ ತಡಿಕೆಯೊಳಗೇ ಇದ್ದವು. ಗಾದೆಮ್ಮ ಕಂಬಳಿ ಹಾಸಿ, ದೋಣಿಯಲ್ಲಿ ಹಾಲು, ಹಣ್ಣು, ಬೆಲ್ಲ, ಈ ಸಲ ಕಣ್ಣಿಗೆ ಕಾಣುವಷ್ಟು ತುಪ್ಪ ಹಾಕಿ ಇಟ್ಟಳು. ಬೊಮ್ಮಪ್ಪ ಕೋಲು ಹಿಡಿದು ಪಕ್ಕದಲ್ಲಿ ನಿಂತ. ಮೈಲಪ್ಪ ಮಂಡಿಯೂರಿ ಕೂತ. ಬೊಗಳಲು ಬಾಯಿ ತೆರೆದ, ದನಿ ಹೊರಡಲಿಲ್ಲ.

ಕೆಂಚನ ಹಗ್ಗ ಬಿಚ್ಚಿದರು. ಅದು ನೆಟ್ಟಗೆ ದೋಣಿಯ ಕಡೆ ಬಂದು, ಮೈಲಪ್ಪನನ್ನು ಕಂಡು ನಿಂತಿತು. ಅವನ ಕೈ ಮೂಸಿತು. ಹೆಬ್ಬೆರಳನ್ನು ಇನ್ನೊಂದು ಸಲ ಮೂಸಿ ಕಿವಿ ಹಿಂದಕ್ಕೆ ಮಾಡಿತು. ಒಂದು ಹೆಜ್ಜೆ ಹಿಂದೆ ಸರಿಯಿತು. ಗಾದೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೈಲಪ್ಪ ಅದನ್ನು ನೋಡಿದ. ನೋಡಿದ ಮೇಲೂ ಏಳಲಿಲ್ಲ. ಕಣ್ಣು ಮುಚ್ಚಿ ತಲೆ ತಗ್ಗಿಸಿ ದೋಣಿಗೆ ಬಾಯಿ ಇಟ್ಟ.

ಆಗ ಕೆಂಚ ಗುರ್ ಎಂದಿತು. ಸಣ್ಣ ಗುರುಗುಟ್ಟುವಿಕೆಯಲ್ಲ, ಎದೆಯಾಳದಿಂದ ಬಂದದ್ದು. ಬಲಗಡೆಯ ತುಟಿ ಎತ್ತಿತ್ತು, ಹಲ್ಲು ಇಲ್ಲದ ಜಾಗ ನನಗೆ ಚೆನ್ನಾಗಿ ಕಾಣುತ್ತಿತ್ತು. ಬೊಮ್ಮಪ್ಪ ಕೋಲು ಎತ್ತಿದ. ಗಾದೆಮ್ಮ ಅವನ ರಟ್ಟೆ ಹಿಡಿದಳು. ಕೆಂಚ ನುಗ್ಗಿ ಬಂದು, ಮೈಲಪ್ಪನ ಭುಜಕ್ಕೆ ತನ್ನ ಭುಜ ಕೊಟ್ಟು ಒಂದು ನೂಕು ನೂಕಿ, ಅವನು ಓರೆಯಾಗುತ್ತಿದ್ದಂತೆ ದೋಣಿಗೆ ಮೂತಿ ಹಾಕಿತು. ಗುರುಗುಟ್ಟುತ್ತಲೇ ತಿನ್ನತೊಡಗಿತು. ಮೈಲಪ್ಪ ಸಾವರಿಸಿಕೊಂಡು ಮತ್ತೆ ತಲೆ ಹಾಕಿದ. ಅದು ಗುರ್ ಎಂದರೆ ಇವನೂ ಗುರ್ ಎಂದ. ಗುರುಗುಟ್ಟುತ್ತಾ ಗುರುಗುಟ್ಟುತ್ತಾ ಅವನು ಅಳುತ್ತಿದ್ದ. ಹಾಲೂ ಕಣ್ಣೀರೂ ಒಟ್ಟಿಗೇ ಗದ್ದದಿಂದ ಇಳಿಯುತ್ತಿದ್ದವು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಮುಕ್ಕಾಲು ಪಾಲು ಕೆಂಚನೇ ತಿಂದಿತು. ನಾನು ಹತ್ತಿರ ಹೋಗಿ ಚೀಲ ಮುಂದೆ ಹಿಡಿದೆ. ಮೈಲಪ್ಪ ತಲೆ ಎತ್ತಿದ. ಮುಖದ ತುಂಬ ಬಾಳೆಹಣ್ಣು.

"ನೂಕಿದ ನೋಡಲೇ" ಎಂದ. "ಪಾಲು ಬಿಡಂಗಿಲ್ಲ ಅಂತ ನೂಕಿದ ನನ್ನ."

ಅಷ್ಟು ಹೇಳಿ, ಚೀಲಕ್ಕೆ ಕೈ ಚಾಚದೆ, ತಳದಲ್ಲಿ ಉಳಿದಿದ್ದನ್ನು ಕೆಂಚ ಮುಗಿಸುವ ಮೊದಲು ಮತ್ತೆ ದೋಣಿಗೆ ಬಾಯಿ ಹಾಕಿದ.